ಅಂಕಿ ಬೇರೆ, ದೂರ ಬೇರೆ: ಮೆಟ್ರಿಕ್ ಪರಿಕಲ್ಪನೆಯ ಇತಿಹಾಸ

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ನೇರ ದೂರ ಎಷ್ಟು? ಈ ಪ್ರಶ್ನೆಯನ್ನು ಭೂಪಟ ನೋಡಿ ಬಿಡಿಸುವುದು ಪ್ರೌಢಶಾಲೆಯ ವಿದ್ಯಾರ್ಥಿಗೂ ಸುಲಭವೆನಿಸುತ್ತದೆ. ಚಳ್ಳಕೆರೆಯ ಅಕ್ಷಾಂಶ 14.32 ಡಿಗ್ರಿ ಉತ್ತರ, ರೇಖಾಂಶ 76.65 ಡಿಗ್ರಿ ಪೂರ್ವ. ಮೊಳಕಾಲ್ಮುರು 14.72 ಮತ್ತು 76.75. ಊರು ಎಂಬುದು ಒಂದು ಬಿಂದುವಲ್ಲ. ಆದರೂ ಲೆಕ್ಕದ ಸಲುವಾಗಿ ಈ ಅಂಕಿಗಳನ್ನು ನಿಖರ ಬಿಂದುಗಳೆಂದೇ ಭಾವಿಸೋಣ. ಅಕ್ಷಾಂಶಗಳ ವ್ಯತ್ಯಾಸ 0.40, ರೇಖಾಂಶಗಳ ವ್ಯತ್ಯಾಸ 0.10. ಪೈಥಾಗೊರಸ್ ಪ್ರಮೇಯದಂತೆ ಎರಡರ ವರ್ಗಗಳನ್ನು ಕೂಡಿಸಿ, ವರ್ಗಮೂಲ ತೆಗೆದು, ಒಂದು ಡಿಗ್ರಿಗೆ 111.2 ಕಿ.ಮೀ. ಎಂದು ಗುಣಿಸಿದರೆ 45.8 ಕಿ.ಮೀ. ಬರುತ್ತದೆ. ಈ ಉತ್ತರ ಸರಿಯಾಗಿಯೇ ಇದೆ.

ಈಗ ಇದೇ ವಿಧಾನದಿಂದ ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಇರುವ ದೂರವನ್ನು ಲೆಕ್ಕ ಹಾಕಿ. ಚಿತ್ರದುರ್ಗದ ಅಕ್ಷಾಂಶ 14.23, ರೇಖಾಂಶ 76.40. ವ್ಯತ್ಯಾಸಗಳು 0.09 ಮತ್ತು 0.25. ಉತ್ತರ 29.5 ಕಿ.ಮೀ. ಆದರೆ ನಿಜವಾದ ದೂರ 28.7 ಕಿ.ಮೀ. ಸುಮಾರು 800 ಮೀಟರ್ ಹೆಚ್ಚಾಯಿತು. ಅದೇ ಊರಿನಿಂದ ಹೊರಟು, ಅದೇ ಸೂತ್ರ ಬಳಸಿ, ಕಡಿಮೆ ದೂರವನ್ನು ಅಳೆದಾಗ ತಪ್ಪು ಹೆಚ್ಚಾದದ್ದೇಕೆ?

ಕಾರಣ ಸರಳ. ಅಕ್ಷಾಂಶದ ಒಂದು ಡಿಗ್ರಿಯೂ ರೇಖಾಂಶದ ಒಂದು ಡಿಗ್ರಿಯೂ ಒಂದೇ ದೂರವಲ್ಲ. ರೇಖಾಂಶದ ಗೆರೆಗಳು ಧ್ರುವದತ್ತ ಸಾಗಿದಂತೆ ಒಂದನ್ನೊಂದು ಸಮೀಪಿಸುತ್ತವೆ. ಚಳ್ಳಕೆರೆಯ ಅಕ್ಷಾಂಶದಲ್ಲಿ ಪೂರ್ವ-ಪಶ್ಚಿಮವಾಗಿ ಒಂದು ಡಿಗ್ರಿ ಎಂದರೆ ಸುಮಾರು 107.7 ಕಿ.ಮೀ.; ಲೇಹ್‌ನಲ್ಲಿ ಸುಮಾರು 92 ಕಿ.ಮೀ.; ಧ್ರುವದಲ್ಲಿ ಸೊನ್ನೆ. ಮೊಳಕಾಲ್ಮುರು ಚಳ್ಳಕೆರೆಗೆ ಬಹುಮಟ್ಟಿಗೆ ಉತ್ತರದಲ್ಲಿರುವುದರಿಂದ ತಪ್ಪು ಕಾಣಲಿಲ್ಲ. ಚಿತ್ರದುರ್ಗ ಪಶ್ಚಿಮದಲ್ಲಿದೆ, ತಪ್ಪು ಹೊರಬಿತ್ತು. ಸರಿಯಾದ ಸೂತ್ರ ಹೀಗಿದೆ:

(ದೂರ)² = (111.2 × ಅಕ್ಷಾಂಶ ವ್ಯತ್ಯಾಸ)² + (111.2 × ಅಕ್ಷಾಂಶದ ಕೊಸೈನ್ × ರೇಖಾಂಶ ವ್ಯತ್ಯಾಸ)²

ನಿರ್ದೇಶಾಂಕಗಳು ಕೇವಲ ಅಂಕಿಗಳು. ಅವು ಬಿಂದುವಿಗೆ ಕೊಟ್ಟ ವಿಳಾಸವೇ ಹೊರತು ದೂರವಲ್ಲ. ಅಂಕಿಗಳನ್ನು ದೂರವಾಗಿ ಪರಿವರ್ತಿಸುವ ನಿಯಮ ಬೇರೆಯೇ ಬೇಕು. ಅತಿ ಸಮೀಪದ ಎರಡು ಬಿಂದುಗಳ ನಡುವಿನ ದೂರದ ವರ್ಗವನ್ನು ನಿರ್ದೇಶಾಂಕಗಳ ವ್ಯತ್ಯಾಸಗಳ ಮೂಲಕ ಹೇಳುವ ಇಂತಹ ಸೂತ್ರವೇ ‘ಲೈನ್ ಎಲಿಮೆಂಟ್’. ಇದನ್ನು ‘ರೇಖಾಂಶ’ ಎಂದು ಅನುವಾದಿಸಿದರೆ ಭೂಪಟದ ರೇಖಾಂಶವೆಂದೇ ಓದುಗರು ತಿಳಿದಾರು. ಆದ್ದರಿಂದ ಈ ಲೇಖನದಲ್ಲಿ ‘ರೇಖಾಘಟಕ’ ಎನ್ನೋಣ. ಆ ಸೂತ್ರದಲ್ಲಿ ಬರುವ ಗುಣಾಂಕಗಳ ಸಮೂಹವೇ ‘ಮೆಟ್ರಿಕ್’. ಮೀಟರ್-ಕಿಲೋಗ್ರಾಂಗಳ ಮೆಟ್ರಿಕ್ ಪದ್ಧತಿಗೂ ಇದಕ್ಕೂ ಸಂಬಂಧವಿಲ್ಲ. ‘ಅಳತೆ’ ಎಂಬ ಮೂಲಾರ್ಥವಷ್ಟೇ ಸಮಾನ.

ಸ್ನಾತಕೋತ್ತರ ತರಗತಿಗಳಲ್ಲಿ ಮೆಟ್ರಿಕ್ ಎಂಬುದು ಮೇಲೆ ಕೆಳಗೆ ಸೂಚ್ಯಂಕಗಳನ್ನು ಹೊತ್ತ ಒಂದು ಸಂಕೇತವಾಗಿ ಬಂದು, ಪರೀಕ್ಷೆಯ ನಂತರ ಮರೆತುಹೋಗುತ್ತದೆ. ಅದು ಅಳತೆಯ ಕೆಲಸದಿಂದಲೇ ಹುಟ್ಟಿ ಬಂದ ವಿಚಾರವೆಂಬುದನ್ನು ಇತಿಹಾಸದ ಮೂಲಕ ನೋಡುವುದು ಈ ಲೇಖನದ ಉದ್ದೇಶ.

ಕಣದ ಮೇಟಿಯ ಪಾಠ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳೋಣ. ಗುಣಾಂಕವು ಸ್ಥಳದಿಂದ ಸ್ಥಳಕ್ಕೆ ಬದಲಾದರೆ ಮೇಲ್ಮೈ ವಕ್ರವಾಗಿದೆ ಎಂದರ್ಥವೇ? ಅಲ್ಲ.

ಒಕ್ಕಣೆಯ ಕಣವನ್ನು ನೆನೆಯಿರಿ. ನಡುವೆ ಮೇಟಿ. ಅದಕ್ಕೆ ಕಟ್ಟಿದ ಎತ್ತುಗಳು ಸಾಲಾಗಿ ಸುತ್ತುತ್ತವೆ. ಮೇಟಿಯಿಂದ 2 ಮೀಟರ್ ದೂರದಲ್ಲಿರುವ ಎತ್ತು ಒಂದು ಸುತ್ತಿಗೆ 12.6 ಮೀಟರ್ ನಡೆದರೆ, 4 ಮೀಟರ್ ದೂರದ ಎತ್ತು 25.1 ಮೀಟರ್ ನಡೆಯಬೇಕು. ತಿರುಗಿದ ಕೋನ ಎರಡಕ್ಕೂ ಒಂದೇ. ಮೇಟಿಯಿಂದ ಇರುವ ದೂರ ಮತ್ತು ತಿರುಗಿದ ಕೋನ ಇವೆರಡನ್ನು ನಿರ್ದೇಶಾಂಕಗಳಾಗಿ ತೆಗೆದುಕೊಂಡರೆ ರೇಖಾಘಟಕ ಹೀಗಾಗುತ್ತದೆ:

(ದೂರ)² = (ಮೇಟಿಯಿಂದ ಸರಿದದ್ದು)² + (ಮೇಟಿಯಿಂದ ಇರುವ ದೂರ × ತಿರುಗಿದ ಕೋನ)²

ಇಲ್ಲಿ ಕೋನವನ್ನು ರೇಡಿಯನ್‌ಗಳಲ್ಲಿ ಅಳೆಯಬೇಕು. ಕೋನದ ಗುಣಾಂಕ ಒಂದೊಂದು ಎತ್ತಿಗೂ ಬೇರೆ ಬೇರೆ. ಆದರೂ ಕಣ ಸಮತಟ್ಟಾಗಿಯೇ ಇದೆ. ಗುಣಾಂಕ ಬದಲಾದದ್ದು ನಾವು ಆರಿಸಿಕೊಂಡ ನಿರ್ದೇಶಾಂಕಗಳಿಂದ, ನೆಲದಿಂದಲ್ಲ.

ಹಾಗಾದರೆ ವಕ್ರತೆಯನ್ನು ಗುರುತಿಸುವುದು ಹೇಗೆ? ಅಳೆದೇ ಗುರುತಿಸಬೇಕು. ಚಳ್ಳಕೆರೆಯನ್ನು ಕೇಂದ್ರವಾಗಿಟ್ಟು ಮೊಳಕಾಲ್ಮುರಿನ ಮೂಲಕ ಹಾದುಹೋಗುವ ಒಂದು ವೃತ್ತವನ್ನು ನೆಲದ ಮೇಲೆಯೇ ಎಳೆದೆವೆಂದು ಕಲ್ಪಿಸಿಕೊಳ್ಳಿ. ಭೂಮಿ ಸಮತಟ್ಟಾಗಿದ್ದರೆ ಅದರ ಪರಿಧಿ ಸುಮಾರು 287.5 ಕಿ.ಮೀ. ಆಗಬೇಕು. ಗೋಳದ ಮೇಲೆ ಅದಕ್ಕಿಂತ ಸುಮಾರು ಎರಡೂವರೆ ಮೀಟರ್ ಕಡಿಮೆ ಬರುತ್ತದೆ. ಈ ಕೊರತೆಯೇ ವಕ್ರತೆಯ ಸಾಕ್ಷಿ. ಇದನ್ನು ತಿಳಿಯಲು ಭೂಮಿಯಿಂದ ಹೊರಗೆ ಹೋಗಿ ನೋಡಬೇಕಾಗಿಲ್ಲ. ಎರಡೂವರೆ ಮೀಟರನ್ನು ಮುನ್ನೂರು ಕಿಲೋಮೀಟರಿನಲ್ಲಿ ಪತ್ತೆ ಹಚ್ಚುವಷ್ಟು ನಿಖರವಾದ ಅಳತೆ ಸಾಕು.

ಮೈಸೂರು ಸೀಮೆಯಲ್ಲಿ ಅಳತೆ

ಅಂತಹ ನಿಖರ ಅಳತೆಗೆ ನಮ್ಮ ನಾಡಿನಲ್ಲಿ ಎರಡು ಶತಮಾನಗಳ ಇತಿಹಾಸವಿದೆ. 1799ರಲ್ಲಿ ಶ್ರೀರಂಗಪಟ್ಟಣದ ಪತನದ ಬಳಿಕ ಕಾಲಿನ್ ಮೆಕೆಂಜಿ ಮೈಸೂರು ರಾಜ್ಯದ ಸರ್ವೇಕ್ಷಣೆಯನ್ನು ವಹಿಸಿಕೊಂಡರು. ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಇನ್ನೊಂದು ಯೋಜನೆ ಮುಂದಿಟ್ಟರು. ಮೆಕೆಂಜಿಯವರ ಕೆಲಸ ಊರು, ಕೆರೆ, ಬೆಟ್ಟಗಳ ನಕ್ಷೆ ತಯಾರಿಸುವುದು. ಲ್ಯಾಂಬ್ಟನ್ನರಿಗೆ ಬೇಕಾಗಿದ್ದುದು ಪರ್ಯಾಯದ್ವೀಪವನ್ನೆಲ್ಲ ತ್ರಿಕೋನಗಳಿಂದ ಹೆಣೆದು, ಜೊತೆಗೆ ಭೂಮಿಯ ಆಕಾರವನ್ನೂ ಕಂಡುಹಿಡಿಯುವುದು. 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದು ಅವರು ಕೆಲಸ ಆರಂಭಿಸಿದರು. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿಯ ಆಧಾರರೇಖೆಯ ಅಳತೆ ಶುರುವಾಯಿತು. ಮುಗಿಯಲು 57 ದಿನ ಹಿಡಿಯಿತು. ಉಕ್ಕಿನ ಸರಪಳಿ ಬಿಸಿಲಿಗೆ ಹಿಗ್ಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿತ್ತು. ಸುಮಾರು ಅರ್ಧ ಟನ್ ತೂಗುವ ಥಿಯೊಡೊಲೈಟನ್ನು ಬೆಟ್ಟಗಳ ಮೇಲಕ್ಕೆ ಹೊತ್ತು ಸಾಗಿಸಿದವರು ಈ ದೇಶದ ಕೂಲಿಗಳು. ಅವರ ಹೆಸರುಗಳು ವರದಿಗಳಲ್ಲಿ ಇಲ್ಲ.

ಮದರಾಸಿನಿಂದ ತ್ರಿಕೋನಗಳ ಸರಣಿಯನ್ನು ಬೆಂಗಳೂರಿನವರೆಗೆ ತಂದು, ಅಲ್ಲಿನ ಆಧಾರರೇಖೆಯನ್ನು 1804ರಲ್ಲಿ ನೇರವಾಗಿ ಅಳೆದು ನೋಡಿದಾಗ, ಲೆಕ್ಕಕ್ಕೂ ಅಳತೆಗೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಸರಣಿ ಮಂಗಳೂರನ್ನು ತಲಪಿದಾಗ, ಹಳೆಯ ನಕ್ಷೆಗಳಲ್ಲಿ ಸುಮಾರು 400 ಮೈಲಿ ಎಂದಿದ್ದ ಪರ್ಯಾಯದ್ವೀಪದ ಅಗಲ ವಾಸ್ತವವಾಗಿ ಸುಮಾರು 360 ಮೈಲಿ ಎಂದು ತಿಳಿಯಿತು. ಆಮೇಲೆ ಲ್ಯಾಂಬ್ಟನ್ 78 ಡಿಗ್ರಿ ರೇಖಾಂಶದ ಸಮೀಪದಲ್ಲಿ ದಕ್ಷಿಣೋತ್ತರವಾಗಿ ಮಹಾ ಚಾಪವನ್ನು ಅಳೆಯತೊಡಗಿದರು. ಬೆಂಗಳೂರಿನಿಂದ ಗುತ್ತಿಯ ಕಡೆಗೆ ಸಾಗಿದ ಈ ಚಾಪ ಚಳ್ಳಕೆರೆಗೆ ಪೂರ್ವದಲ್ಲಿ ಸುಮಾರು ನೂರು ಕಿಲೋಮೀಟರ್ ಅಂತರದಲ್ಲಿ ಹಾದುಹೋಗುತ್ತದೆ. 1815ರ ಹೊತ್ತಿಗೆ ಅದು ಬೀದರ್ ಪ್ರದೇಶವನ್ನು ತಲಪಿತ್ತು. 1823ರಲ್ಲಿ ಲ್ಯಾಂಬ್ಟನ್ ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟ್ ಅದನ್ನು ಮುಂದುವರಿಸಿದರು.

ಅಷ್ಟು ದೊಡ್ಡ ತ್ರಿಕೋನಗಳಲ್ಲಿ ಮೂರು ಕೋನಗಳ ಮೊತ್ತ 180 ಡಿಗ್ರಿ ಆಗುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮುರು, ಚಿತ್ರದುರ್ಗಗಳನ್ನು ಜೋಡಿಸುವ ತ್ರಿಕೋನದ ವಿಸ್ತೀರ್ಣ ಸುಮಾರು 545 ಚದರ ಕಿ.ಮೀ. ಅದರ ಕೋನಗಳ ಮೊತ್ತ 180 ಡಿಗ್ರಿಗಿಂತ ಸುಮಾರು 2.8 ಸೆಕೆಂಡು ಹೆಚ್ಚು (ಡಿಗ್ರಿಯ 3,600ನೆಯ ಒಂದು ಭಾಗ ಒಂದು ಸೆಕೆಂಡು). ಈ ಹೆಚ್ಚುವರಿಯನ್ನು ‘ಗೋಳೀಯ ಅಧಿಕ’ ಎನ್ನುತ್ತಾರೆ. ಒಳ್ಳೆಯ ಥಿಯೊಡೊಲೈಟಿನಲ್ಲಿ ಸಿಕ್ಕುವಷ್ಟು ದೊಡ್ಡದು, ಬರಿಗಣ್ಣಿಗೆ ಎಂದೂ ಸಿಕ್ಕದಷ್ಟು ಸಣ್ಣದು.

ಭೂಮಿ ಪೂರ್ಣ ಗೋಳವೂ ಅಲ್ಲ. ಧ್ರುವಗಳಲ್ಲಿ ಚಪ್ಪಟೆಯಾಗಿರುವುದರಿಂದ ಅಕ್ಷಾಂಶದ ಒಂದು ಡಿಗ್ರಿ ಚಿತ್ರದುರ್ಗ ಜಿಲ್ಲೆಯಲ್ಲಿ ಸುಮಾರು 110.6 ಕಿ.ಮೀ., ಧ್ರುವದ ಬಳಿ 111.7 ಕಿ.ಮೀ. ಇದನ್ನು ಗಣಿಸಿದರೆ ಚಳ್ಳಕೆರೆ-ಮೊಳಕಾಲ್ಮುರು ದೂರ 45.8ರ ಬದಲು 45.6 ಕಿ.ಮೀ.ಗೆ ಇಳಿಯುತ್ತದೆ. ಅಂದರೆ ಸುಮಾರು 200 ಮೀಟರಿನ ವ್ಯತ್ಯಾಸ. ನಿರ್ದೇಶಾಂಕಗಳು ಬದಲಾಗಲಿಲ್ಲ, ಮೆಟ್ರಿಕ್ ಬದಲಾಯಿತು. ಎವರೆಸ್ಟ್ 1830ರಲ್ಲಿ ಕೊಟ್ಟ ಭೂಮಿಯ ಆಕಾರದಲ್ಲಿ ಸಮಭಾಜಕದ ತ್ರಿಜ್ಯ 6,377,276 ಮೀಟರ್. ಇಂದು ಉಪಗ್ರಹ ವ್ಯವಸ್ಥೆಗಳು ಬಳಸುವ ಡಬ್ಲ್ಯುಜಿಎಸ್-84 ಆಕಾರದಲ್ಲಿ 6,378,137 ಮೀಟರ್. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾರ್ವಜನಿಕರಿಗೆ ಸಿಗುವ ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳು ಈ ಹೊಸ ಆಕಾರವನ್ನು ಅನುಸರಿಸಿವೆ. ಹಳೆಯ ನಕ್ಷೆಯ ಅಕ್ಷಾಂಶ-ರೇಖಾಂಶಗಳು ಮೊಬೈಲ್ ತೋರಿಸುವ ಅಂಕಿಗಳಿಗೆ ಸರಿಯಾಗಿ ಹೊಂದದಿರಲು ಇದೂ ಒಂದು ಕಾರಣ.

ಗೌಸ್ ಕಂಡ ‘ಗಮನಾರ್ಹ ಪ್ರಮೇಯ’

ಎವರೆಸ್ಟ್ ಭಾರತದಲ್ಲಿ ತ್ರಿಕೋನಗಳನ್ನು ಹೆಣೆಯುತ್ತಿದ್ದ ಕಾಲದಲ್ಲೇ ಜರ್ಮನಿಯ ಹ್ಯಾನೋವರ್ ರಾಜ್ಯದಲ್ಲಿ ಇನ್ನೊಬ್ಬರು ಅದೇ ಕೆಲಸದಲ್ಲಿದ್ದರು. ಅವರು ಕಾರ್ಲ್ ಫ್ರೆಡ್ರಿಕ್ ಗೌಸ್. ಬ್ರೋಕೆನ್, ಹೋಹೆನ್‌ಹಾಗೆನ್, ಇನ್ಸೆಲ್ಸ್‌ಬರ್ಗ್ ಎಂಬ ಮೂರು ಬೆಟ್ಟಗಳ ನಡುವಿನ ತ್ರಿಕೋನ ಅವರ ಕೆಲಸದಲ್ಲಿ ಪ್ರಸಿದ್ಧ. ಅದರ ಗೋಳೀಯ ಅಧಿಕ ಸುಮಾರು 14.85 ಸೆಕೆಂಡು.

1827ರಲ್ಲಿ ಗೌಸ್ ವಕ್ರ ಮೇಲ್ಮೈಗಳನ್ನು ಕುರಿತ ತಮ್ಮ ಪ್ರಬಂಧವನ್ನು ಮಂಡಿಸಿದರು. ಯಾವುದೇ ಮೇಲ್ಮೈಯ ಮೇಲೆ ಯಾವುದೇ ಎರಡು ಬಗೆಯ ಗೆರೆಗಳನ್ನು ಎಳೆದು ನಿರ್ದೇಶಾಂಕಗಳನ್ನು ಆರಿಸಿಕೊಳ್ಳಬಹುದು. ಅವುಗಳ ಅಲ್ಪ ವ್ಯತ್ಯಾಸಗಳನ್ನು ‘ಅ’ ಮತ್ತು ‘ಬ’ ಎಂದು ಕರೆದರೆ,

(ದೂರ)² = ಇ × ಅ² + 2 × ಎಫ್ × ಅ × ಬ + ಜಿ × ಬ²

ಇ, ಎಫ್, ಜಿ ಎಂಬುವು ಸ್ಥಳದಿಂದ ಸ್ಥಳಕ್ಕೆ ಬದಲಾಗಬಲ್ಲ ಮೂರು ಗುಣಾಂಕಗಳು. ಎರಡು ಬಗೆಯ ಗೆರೆಗಳು ಲಂಬವಾಗಿ ಸಂಧಿಸಿದರೆ ಎಫ್ ಸೊನ್ನೆ. ಇಲ್ಲವಾದರೆ ಅದು ಅವುಗಳ ನಡುವಿನ ಓರೆಯನ್ನು ತಿಳಿಸುತ್ತದೆ. ಮೇಲ್ಮೈಯ ವಕ್ರತೆಯನ್ನು ಈ ಮೂರು ಗುಣಾಂಕಗಳಿಂದ ಮತ್ತು ಅವು ಬದಲಾಗುವ ರೀತಿಯಿಂದ ಮಾತ್ರವೇ ಕಂಡುಹಿಡಿಯಬಹುದು ಎಂದು ಗೌಸ್ ಸಾಧಿಸಿದರು. ತಾವೇ ಅದನ್ನು ‘ಗಮನಾರ್ಹ ಪ್ರಮೇಯ’ ಎಂದು ಕರೆದರು. ಮೇಲ್ಮೈಯನ್ನು ಹೊರಗಿನಿಂದ ನೋಡುವ ಅಗತ್ಯವಿಲ್ಲ. ಅದರ ಮೇಲೆಯೇ ನಡೆದಾಡುತ್ತ ಅಳೆಯುವವನಿಗೆ ಅದರ ವಕ್ರತೆ ತಿಳಿಯುತ್ತದೆ. ಕಾಗದವನ್ನು ಕೊಳವೆಯಾಗಿ ಸುತ್ತಿದರೆ ಅದರ ಮೇಲಿನ ದೂರಗಳು ಬದಲಾಗುವುದಿಲ್ಲ. ಆದ್ದರಿಂದ ಕೊಳವೆ ಗೌಸ್‌ರ ಅರ್ಥದಲ್ಲಿ ವಕ್ರವಲ್ಲ. ಅದೇ ಕಾಗದವನ್ನು ಚೆಂಡಿಗೆ ಸುತ್ತಲು ಹೋದರೆ ಮುದುಡುತ್ತದೆ ಅಥವಾ ಹರಿಯುತ್ತದೆ.

ಹಾಸು, ಹೊಕ್ಕು ಮತ್ತು ಚೆಬಿಷೇವ್

ಕಾಗದ ಮುದುಡುತ್ತದೆ ಸರಿ, ಆದರೆ ಬಟ್ಟೆ? ಮೊಳಕಾಲ್ಮುರಿನ ರೇಷ್ಮೆ ಸೀರೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೈಮಗ್ಗದ ನೇಯ್ಗೆ. ಚಳ್ಳಕೆರೆಯದು ಕಂಬಳಿಗೆ ಹೆಸರಾದ ಸೀಮೆ. ಸೀರೆಯಾಗಲಿ ಕಂಬಳಿಯಾಗಲಿ, ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಮಗ್ಗದ ಮೇಲಿರುವಾಗ ಇವೆರಡೂ ಲಂಬವಾಗಿರುತ್ತವೆ. ‘ಇಷ್ಟನೆಯ ಹಾಸು, ಇಷ್ಟನೆಯ ಹೊಕ್ಕು’ ಎಂದರೆ ಬಟ್ಟೆಯ ಮೇಲಿನ ಒಂದು ಬಿಂದು ನಿಶ್ಚಿತವಾಗುತ್ತದೆ. ನೇಕಾರರು ಸೆರಗಿನ ಬುಟ್ಟಾವನ್ನು ಎಣಿಸಿ ಕೂರಿಸುವುದು ಈ ಲೆಕ್ಕದಿಂದಲೇ. ಅಂದರೆ ಬಟ್ಟೆ ತನ್ನ ನಿರ್ದೇಶಾಂಕಗಳನ್ನು ತಾನೇ ಹೊತ್ತಿರುತ್ತದೆ.

ಅದೇ ಸೀರೆಯನ್ನು ಹೆಗಲ ಮೇಲೆ ಹೊದ್ದಾಗ ಅದು ಕಾಗದದಂತೆ ಮುದುಡದೆ ಮೈಗೆ ಒಪ್ಪುತ್ತದೆ. ನೂಲಿನ ಉದ್ದ ಬದಲಾಗಿಲ್ಲ. ಆದರೆ ಹಾಸಿಗೂ ಹೊಕ್ಕಿಗೂ ನಡುವಿನ ಕೋನ ಬದಲಾಗಿದೆ. ಬಟ್ಟೆಯನ್ನು ನೂಲಿನ ಗುಂಟ ಎಳೆದರೆ ಹಿಗ್ಗದು, ಓರೆಯಾಗಿ ಎಳೆದರೆ ಹಿಗ್ಗುವುದು ಎಂಬುದು ಹೊಲಿಗೆ ಬಲ್ಲವರಿಗೆಲ್ಲ ಗೊತ್ತು.

ರಷ್ಯದ ಗಣಿತಜ್ಞ ಪಫ್ನೂಟಿ ಚೆಬಿಷೇವ್ 1878ರಲ್ಲಿ ಪ್ಯಾರಿಸ್ಸಿನಲ್ಲಿ ‘ಉಡುಪುಗಳ ಕತ್ತರಿಕೆ’ಯನ್ನು ಕುರಿತು ಉಪನ್ಯಾಸ ನೀಡಿದರು. ನೇಯ್ಗೆಯ ಗಣಿತವನ್ನು ಕುರಿತು ಎಡ್ವರ್ಡ್ ಲೂಕಾ ಎರಡು ವರ್ಷ ಹಿಂದೆ ಮಾಡಿದ್ದ ಭಾಷಣ ಅದಕ್ಕೆ ಪ್ರೇರಣೆ. ಬಟ್ಟೆಯ ರೇಖಾಘಟಕವನ್ನು ಹೀಗೆ ಬರೆಯಬಹುದೆಂಬುದು ಚೆಬಿಷೇವ್‌ರ ಆಧಾರ:

(ದೂರ)² = (ಹಾಸಿನ ಗುಂಟ)² + (ಹೊಕ್ಕಿನ ಗುಂಟ)² + 2 × ಕೋನದ ಕೊಸೈನ್ × (ಹಾಸಿನ ಗುಂಟ) × (ಹೊಕ್ಕಿನ ಗುಂಟ)

ಗೌಸ್‌ರ ಸೂತ್ರದಲ್ಲಿ ಇ ಮತ್ತು ಜಿ ಎರಡೂ 1 ಎಂದು ಇಟ್ಟಂತಾಯಿತು. ಉಳಿದದ್ದು ಎಫ್ ಒಂದೇ. ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಒರಟು ನೇಯ್ಗೆಯ ಬಟ್ಟೆಯ ಮೇಲೆ ನೂಲಿನ ಗುಂಟ 10 ಸೆಂ.ಮೀ. ಬದಿಯ ಚೌಕ ಬರೆಯಿರಿ. ಅದರ ಎರಡೂ ಕರ್ಣಗಳು ಸುಮಾರು 14.1 ಸೆಂ.ಮೀ. ಈಗ ಓರೆಯಾಗಿ ಎಳೆದು ಹಾಸು-ಹೊಕ್ಕುಗಳ ಕೋನವನ್ನು 60 ಡಿಗ್ರಿಗೆ ತನ್ನಿ. 60 ಡಿಗ್ರಿಯ ಕೊಸೈನ್ ಅರ್ಧ. ಸೂತ್ರದಂತೆ ಉದ್ದನೆಯ ಕರ್ಣ 17.3 ಸೆಂ.ಮೀ. ಆಗಬೇಕು, ಗಿಡ್ಡ ಕರ್ಣ 10 ಸೆಂ.ಮೀ. ಅಳೆದು ನೋಡಿ. ನೂಲಿನ ಎಣಿಕೆ ಅದೇ ಇದ್ದರೂ ದೂರ ಬದಲಾಯಿತು.

ಬಟ್ಟೆಯ ಎಲ್ಲೆಡೆ ಕೋನ 60 ಡಿಗ್ರಿಯೇ ಆದರೆ ಬಟ್ಟೆ ಸಮತಟ್ಟಾಗಿಯೇ ಉಳಿಯುತ್ತದೆ. ಮೇಜಿನ ಮೇಲೆ ಹರಡಬಹುದು. ವಕ್ರತೆ ಬರುವುದು ಕೋನವು ಸ್ಥಳದಿಂದ ಸ್ಥಳಕ್ಕೆ ಒಂದು ನಿರ್ದಿಷ್ಟ ರೀತಿಯಲ್ಲಿ ಬದಲಾದಾಗ. ಹಾಸಿನ ಗುಂಟ ಸಾಗುವಾಗ ಕೋನ ಬದಲಾಗುವ ದರವಿದೆಯಷ್ಟೆ. ಆ ದರವೇ ಹೊಕ್ಕಿನ ಗುಂಟ ಬದಲಾಗುತ್ತಿದ್ದರೆ ಮಾತ್ರ ಮೇಲ್ಮೈ ವಕ್ರ. ಈ ಎರಡನೆಯ ದರವನ್ನು ಕೋನದ ಸೈನ್‌ನಿಂದ ಭಾಗಿಸಿ ಋಣ ಚಿಹ್ನೆ ಹಚ್ಚಿದರೆ ಸಿಗುವುದೇ ಗೌಸ್‌ರ ವಕ್ರತೆ. ಚೆಬಿಷೇವ್ ಗೋಳಕ್ಕೆ ಬಟ್ಟೆಯ ಹೊದಿಕೆ ಮಾಡುವುದನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಇಂದಿಗೂ ಇಂತಹ ಜಾಲಕ್ಕೆ ಗಣಿತದಲ್ಲಿ ‘ಚೆಬಿಷೇವ್ ಜಾಲ’ ಎಂದೇ ಹೆಸರು.

ಮೇಲ್ಮೈಯಿಂದ ದೇಶಕಾಲಕ್ಕೆ

ಗೌಸ್‌ರ ವಿಚಾರ ಎರಡು ಆಯಾಮಗಳ ಮೇಲ್ಮೈಗೆ ಸೀಮಿತವಾಗಿತ್ತು. 1854ರ ಜೂನ್ 10ರಂದು ಗಟಿಂಗೆನ್‌ನಲ್ಲಿ, ವೃದ್ಧ ಗೌಸ್‌ರ ಸಮ್ಮುಖದಲ್ಲಿ, ಬರ್ನ್‌ಹಾರ್ಡ್ ರೀಮನ್ ಅದನ್ನು ಎಷ್ಟು ಆಯಾಮಗಳಿಗಾದರೂ ವಿಸ್ತರಿಸಿದರು. ಎರಡು ಆಯಾಮಗಳಿಗೆ 3 ಗುಣಾಂಕಗಳಾದರೆ, ಮೂರು ಆಯಾಮಗಳಿಗೆ 6, ನಾಲ್ಕಕ್ಕೆ 10. ನಾವು ವಾಸಿಸುವ ಆಕಾಶದ ಮೆಟ್ರಿಕ್ ಏನೆಂಬುದನ್ನು ಮೊದಲೇ ಊಹಿಸಿ ಹೇಳಲಾಗದು. ಅದು ಅನುಭವದಿಂದ, ಅಳತೆಯಿಂದ ತಿಳಿಯಬೇಕಾದ ಸಂಗತಿ ಎಂಬುದು ಅವರ ವಾದದ ತಿರುಳು. ಮುಂದೆ ಕ್ರಿಸ್ಟೋಫೆಲ್, ರಿಚ್ಚಿ, ಲೆವಿ-ಚಿವಿಟಾ ಇವರು ಇದಕ್ಕೆ ಬೇಕಾದ ಗಣಿತವನ್ನು ಬೆಳೆಸಿದರು.

1908ರಲ್ಲಿ ಹರ್ಮನ್ ಮಿಂಕೋವ್‌ಸ್ಕಿ ಕಾಲವನ್ನೂ ನಾಲ್ಕನೆಯ ನಿರ್ದೇಶಾಂಕವಾಗಿ ಸೇರಿಸಿದರು. ಈ ರೇಖಾಘಟಕದಲ್ಲಿ ಕಾಲದ ಪದಕ್ಕೆ ದೂರದ ಪದಗಳಿಗೆ ವಿರುದ್ಧವಾದ ಚಿಹ್ನೆ ಇರುತ್ತದೆ. ಮಾರ್ಸೆಲ್ ಗ್ರಾಸ್‌ಮನ್ ಎಂಬ ಗೆಳೆಯನಿಂದ ರೀಮನ್‌ರ ಗಣಿತವನ್ನು ಅರಿತ ಐನ್‌ಸ್ಟೈನ್, 1915ರ ನವೆಂಬರ್‌ನಲ್ಲಿ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳನ್ನು ಪೂರ್ಣಗೊಳಿಸಿದರು. ದ್ರವ್ಯ ಮತ್ತು ಶಕ್ತಿಗಳು ದೇಶಕಾಲದ ಮೆಟ್ರಿಕ್ಕನ್ನು ನಿರ್ಧರಿಸುತ್ತವೆ. ಗುರುತ್ವ ಎಂದು ನಾವು ಕರೆಯುವುದು ಆ ಮೆಟ್ರಿಕ್ಕಿನ ಪರಿಣಾಮ.

ಇದರ ಗಾತ್ರವೆಷ್ಟು? ಎತ್ತರದಲ್ಲಿರುವ ಗಡಿಯಾರ ತಗ್ಗಿನ ಗಡಿಯಾರಕ್ಕಿಂತ ವೇಗವಾಗಿ ನಡೆಯುತ್ತದೆ. ಅಶೋಕನ ಶಾಸನವಿರುವ ಜಟಿಂಗ ರಾಮೇಶ್ವರ ಬೆಟ್ಟ ಮೊಳಕಾಲ್ಮುರು ತಾಲ್ಲೂಕಿನಲ್ಲಿದೆ. ಅದನ್ನು ಏರುವಾಗ ಪ್ರತಿ 100 ಮೀಟರಿಗೆ ಗಡಿಯಾರ ವರ್ಷಕ್ಕೆ ಸುಮಾರು 0.34 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ. ಮೊಬೈಲಿಗೆ ಸ್ಥಳ ತಿಳಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು, ಎತ್ತರ ಮತ್ತು ವೇಗ ಎರಡರ ಪರಿಣಾಮ ಸೇರಿ, ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ಅಷ್ಟರಲ್ಲಿ ಬೆಳಕು 11 ಕಿ.ಮೀ. ಸಾಗುತ್ತದೆ. ಇದನ್ನು ಸರಿಪಡಿಸದಿದ್ದರೆ ಚಳ್ಳಕೆರೆಯ ನಿರ್ದೇಶಾಂಕಗಳೇ ನಮಗೆ ಸರಿಯಾಗಿ ಸಿಗುತ್ತಿರಲಿಲ್ಲ.

ನಲವತ್ತು ವರ್ಷಗಳ ಗೊಂದಲ

ಐನ್‌ಸ್ಟೈನ್‌ರ ಸಮೀಕರಣಗಳಿಗೆ ಮೊದಲ ನಿಖರ ಪರಿಹಾರವನ್ನು 1915ರ ಡಿಸೆಂಬರ್‌ನಲ್ಲಿ ಯುದ್ಧರಂಗದಿಂದಲೇ ಕಳಿಸಿದವರು ಕಾರ್ಲ್ ಷ್ವಾರ್ಟ್ಸ್‌ಶೀಲ್ಡ್. ಅವರು 1916ರ ಮೇ ತಿಂಗಳಲ್ಲಿ ತೀರಿಕೊಂಡರು. ಗೋಳಾಕಾರದ ಒಂದು ಕಾಯದ ಹೊರಗಿನ ಮೆಟ್ರಿಕ್ ಅದು. ಇಂದು ಅದನ್ನು ಬರೆಯುವಾಗ ಬಳಸುವ ‘ತ್ರಿಜ್ಯ’ ಎಂಬ ನಿರ್ದೇಶಾಂಕ ಕೇಂದ್ರದಿಂದ ಅಳೆದ ದೂರವಲ್ಲ. ಕಾಯದ ಸುತ್ತಲಿನ ವೃತ್ತದ ಪರಿಧಿಯನ್ನು ಅಳೆದು 2 ಪೈನಿಂದ ಭಾಗಿಸಿದರೆ ಬರುವ ಅಂಕಿ ಅದು.

ಸೂರ್ಯನ ಹತ್ತರಷ್ಟು ದ್ರವ್ಯರಾಶಿಯ ಕಾಯವನ್ನು ತೆಗೆದುಕೊಳ್ಳೋಣ. ಅದರ ಷ್ವಾರ್ಟ್ಸ್‌ಶೀಲ್ಡ್ ತ್ರಿಜ್ಯ ಸುಮಾರು 30 ಕಿ.ಮೀ. ತ್ರಿಜ್ಯದ ನಿರ್ದೇಶಾಂಕ 60 ಮತ್ತು 61 ಇರುವ ಎರಡು ಗೋಳಗಳ ನಡುವೆ ಅಳತೆಪಟ್ಟಿ ಹಿಡಿದರೆ 1 ಕಿ.ಮೀ. ಬರುವುದಿಲ್ಲ, ಸುಮಾರು 1.4 ಕಿ.ಮೀ. ಬರುತ್ತದೆ. ಚಿತ್ರದುರ್ಗದ ದೂರದಲ್ಲಿ ನಾವು ಮಾಡಿದ ತಪ್ಪೇ ಇಲ್ಲಿಯೂ ಕಾದಿದೆ.

ನಿರ್ದೇಶಾಂಕ 30 ಕಿ.ಮೀ. ಆದಾಗ ತ್ರಿಜ್ಯದ ಗುಣಾಂಕ ಅನಂತವಾಗುತ್ತದೆ, ಕಾಲದ ಗುಣಾಂಕ ಸೊನ್ನೆಯಾಗುತ್ತದೆ. ಅಲ್ಲಿ ದೇಶಕಾಲವೇ ಕೆಟ್ಟುಹೋಗಿದೆಯೆಂದು ಬಹುಕಾಲ ಅನೇಕರು ನಂಬಿದರು. ಅಂತಹ ಸ್ಥಿತಿ ನಿಸರ್ಗದಲ್ಲಿ ಬರಲಾರದೆಂದು ತೋರಿಸಲು ಸ್ವತಃ ಐನ್‌ಸ್ಟೈನ್ 1939ರಲ್ಲಿ ಒಂದು ಪ್ರಬಂಧ ಬರೆದರು. ಆದರೆ ಅದು ಕಣದ ಮೇಟಿಯ ಪಾಠವೇ ಆಗಿತ್ತು. ಗುಣಾಂಕ ಕೆಟ್ಟದ್ದು ನಿರ್ದೇಶಾಂಕಗಳ ಆಯ್ಕೆಯಿಂದ. ಲಮೇತ್ರ್ 1930ರ ದಶಕದ ಆರಂಭದಲ್ಲೇ ಇದನ್ನು ಗುರುತಿಸಿದ್ದರೂ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. 1958ರಲ್ಲಿ ಡೇವಿಡ್ ಫಿಂಕೆಲ್‌ಸ್ಟೈನ್, 1960ರಲ್ಲಿ ಮಾರ್ಟಿನ್ ಕ್ರುಸ್ಕಲ್ ಇವರ ಕೆಲಸದಿಂದ ವಿಷಯ ಸ್ಪಷ್ಟವಾಯಿತು. ಆ ಮೇಲ್ಮೈಯಲ್ಲಿ ವಕ್ರತೆ ಮಿತವಾಗಿಯೇ ಇದೆ. ಅದು ಒಳಕ್ಕೆ ಮಾತ್ರ ದಾರಿಯುಳ್ಳ ಗಡಿ. ಇಂದಿನ ಮಾತಿನಲ್ಲಿ ಕಪ್ಪುಕುಳಿಯ ದಿಗಂತ.

ಮುಂದಿನ ಪ್ರಶ್ನೆಗೆ ಉತ್ತರ ಕೊಟ್ಟವರು ಕನ್ನಡ ನಾಡಿನವರು. ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. ಷ್ವಾರ್ಟ್ಸ್‌ಶೀಲ್ಡ್ ಮೆಟ್ರಿಕ್ಕನ್ನು ಕೊಂಚ ಅಲುಗಿಸಿದರೆ ಏನಾಗುತ್ತದೆ? ಅಲುಗಾಟ ಬೆಳೆಯುತ್ತ ಹೋದರೆ ಅಂತಹ ವಸ್ತು ನಿಸರ್ಗದಲ್ಲಿ ನಿಲ್ಲಲಾರದು. ಈ ಪ್ರಶ್ನೆಯನ್ನು 1957ರಲ್ಲಿ ರೆಜ್ಜೆ ಮತ್ತು ವೀಲರ್ ಕೈಗೆತ್ತಿಕೊಂಡಿದ್ದರು. ಆದರೆ ದಿಗಂತದಲ್ಲಿ ಕೆಡುವ ನಿರ್ದೇಶಾಂಕಗಳಿಂದಾಗಿ ಅಲ್ಲಿನ ಸ್ಥಿತಿ ಸ್ಪಷ್ಟವಾಗಿರಲಿಲ್ಲ. ವಿಶ್ವೇಶ್ವರ ಕ್ರುಸ್ಕಲ್‌ರ ನಿರ್ದೇಶಾಂಕಗಳನ್ನು ಬಳಸಿ, ಅಲುಗಾಟ ಬೆಳೆಯುವುದಿಲ್ಲ, ಮೆಟ್ರಿಕ್ ಸ್ಥಿರವಾಗಿದೆ ಎಂದು 1970ರ ಪ್ರಬಂಧದಲ್ಲಿ ತೋರಿಸಿದರು. ಅದೇ ವರ್ಷ ಇನ್ನೊಂದು ಪ್ರಬಂಧದಲ್ಲಿ, ಕಪ್ಪುಕುಳಿಯ ಮೇಲೆ ಗುರುತ್ವ ತರಂಗಗಳನ್ನು ಹಾಯಿಸಿದರೆ ಅದು ಬಡಿದ ಗಂಟೆಯಂತೆ ತನ್ನದೇ ಆವರ್ತಾಂಕದಲ್ಲಿ ಮಿಡಿದು ಬೇಗನೆ ಶಾಂತವಾಗುತ್ತದೆ ಎಂದು ಲೆಕ್ಕ ಹಾಕಿದರು.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯಗಳು ಎರಡು ಕಪ್ಪುಕುಳಿಗಳ ವಿಲೀನದ ಗುರುತ್ವ ತರಂಗಗಳನ್ನು ದಾಖಲಿಸಿದವು. ಲೈಗೊ ಮಾಡಿದ್ದೂ ರೇಖಾಘಟಕದ ಅಳತೆಯೇ. 4 ಕಿ.ಮೀ. ಉದ್ದದ ಭುಜದಲ್ಲಿ ಸುಮಾರು 4 × 10⁻¹⁸ ಮೀಟರಿನ ಬದಲಾವಣೆ. ಲ್ಯಾಂಬ್ಟನ್ ಏಳು ಮೈಲಿಯಲ್ಲಿ ನಾಲ್ಕು ಅಂಗುಲದ ವ್ಯತ್ಯಾಸಕ್ಕೆ ಹೋರಾಡಿದ್ದನ್ನು ಇಲ್ಲಿ ನೆನೆಯಬಹುದು. ವಿಲೀನದ ಕೊನೆಯಲ್ಲಿ ಬಂದ ಸಂಜ್ಞೆಯ ಸ್ವರೂಪ ವಿಶ್ವೇಶ್ವರರು 45 ವರ್ಷ ಮೊದಲೇ ತೋರಿಸಿದ್ದ ಮಿಡಿತಕ್ಕೆ ಹೊಂದಿಕೆಯಾಗುವಂತಿತ್ತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಶಾಲಾ ಮಕ್ಕಳಿಗೆ ಆಕಾಶ ತೋರಿಸಿದ್ದ ಅವರು ಈ ಸುದ್ದಿಯನ್ನು ಕೇಳಿ, 2017ರ ಜನವರಿಯಲ್ಲಿ ನಿಧನರಾದರು.

ಅಧ್ಯಾಪಕರಿಗೆ

ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ವಿಜ್ಞಾನ ಅಧ್ಯಾಪಕರಿಗೆ ತರಬೇತಿ ನಡೆಯುತ್ತ ಬಂದಿದೆ. ದೊಡ್ಡ ಉಪಕರಣಗಳಿಲ್ಲದ ಶಾಲೆಗಳಲ್ಲೂ ಮೆಟ್ರಿಕ್ಕಿನ ಪಾಠವನ್ನು ಆರಂಭಿಸಬಹುದು. ತಮ್ಮ ಊರಿನಿಂದ ಉತ್ತರಕ್ಕಿರುವ ಒಂದು ಊರು, ಪೂರ್ವ ಅಥವಾ ಪಶ್ಚಿಮಕ್ಕಿರುವ ಒಂದು ಊರು ಇವುಗಳ ದೂರವನ್ನು ಎರಡೂ ಸೂತ್ರಗಳಿಂದ ವಿದ್ಯಾರ್ಥಿಗಳು ಲೆಕ್ಕ ಹಾಕಲಿ. ಬಟ್ಟೆಯ ಚೌಕದ ಕರ್ಣಗಳನ್ನು ಅಳೆಯಲಿ. ಮಡಕೆಯ ಮೇಲೆ ದಾರದಿಂದ ವೃತ್ತ ಎಳೆದು, ಪರಿಧಿಯನ್ನೂ ತ್ರಿಜ್ಯವನ್ನೂ ಅದರ ಮೈಮೇಲೆಯೇ ಅಳೆದು, ಅನುಪಾತ 6.28ಕ್ಕಿಂತ ಕಡಿಮೆ ಬರುವುದನ್ನು ನೋಡಲಿ.

ಪ್ರತಿ ಸಲವೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಅಂಕಿ ಬರಿಯ ವಿಳಾಸವೋ, ಅಳೆದ ದೂರವೋ? ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳದೆ ಹೋದದ್ದರಿಂದ ಷ್ವಾರ್ಟ್ಸ್‌ಶೀಲ್ಡ್‌ರ ಪರಿಹಾರದ ಅರ್ಥ ನಲವತ್ತು ವರ್ಷ ಮಸುಕಾಗಿತ್ತು. ನಮ್ಮ ವಿದ್ಯಾರ್ಥಿಗಳಿಗೆ ಆ ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ಚಿತ್ರದುರ್ಗದ ದಾರಿಯ 800 ಮೀಟರಿನಿಂದಲೇ ಕಲಿಸಲು ಸಾಧ್ಯ.